ಯೂರೋಪಿನಲ್ಲಿ ಜನಜಂಗುಳಿ ಇಲ್ಲದೆ, ಆರಾಮಾಗಿ ಹಡಗಿನಲ್ಲಿ ಸುತ್ತಲು ಯಾವ ಜಾಗ ಒಳ್ಳೆಯದು?

ನನ್ನ ಮೊದಲ ಆಯ್ಕೆ ಸ್ವೀಡನ್ನಿನ ಯೋಟಾ ಕಾಲುವೆ. ಗ್ರೀಸಿನ ಸ್ಯಾಂಟೊರಿನಿ ದ್ವೀಪದಂಥ ಕಡೆ ದೊಡ್ಡ ಹಡಗುಗಳು ಒಂದೇ ದಿನ ಸಾವಿರಾರು ಜನರನ್ನು ತಂದು ಇಳಿಸುತ್ತವೆ. ಇಲ್ಲಿ ಅದು ಸಾಧ್ಯವೇ ಇಲ್ಲ. 30 ಮೀಟರ್ ಉದ್ದ, 7 ಮೀಟರ್ ಅಗಲಕ್ಕಿಂತ ದೊಡ್ಡ ಹಡಗು ಈ ಕಾಲುವೆಯಲ್ಲಿ ಹಿಡಿಸುವುದಿಲ್ಲ.

1832ರಲ್ಲಿ ಪೂರ್ತಿಯಾದ ಕಾಲುವೆ ಇದು. 190 ಕಿ.ಮೀ. ದಾರಿ, 58 ಲಾಕ್‌ಗಳು. ಲಾಕ್ ಅಂದ್ರೆ ನೀರಿನ ಮೆಟ್ಟಿಲು ಅನ್ನಿ. ಹಡಗು ಒಳಗೆ ಬರುತ್ತದೆ, ಹಗ್ಗ ಬಿಗಿಯುತ್ತಾರೆ, ಹಿಂದಿನ ಬಾಗಿಲು ಮುಚ್ಚುತ್ತದೆ. ನೀರು ತುಂಬಿದಂತೆ ಹಡಗು ಮೆಲ್ಲಗೆ ಮೇಲೇಳುತ್ತದೆ. ಈಗಷ್ಟೇ ಒದ್ದೆ ಕಲ್ಲಿನ ಗೋಡೆ ಕಾಣುತ್ತಿದ್ದ ಕಿಟಕಿಯಲ್ಲಿ ಹುಲ್ಲುಗಾವಲು ಕಾಣಿಸುತ್ತದೆ! ಬರ್ಗ್ ಎಂಬ ಊರಿನಲ್ಲಿ ಇಂಥ ಏಳು ಲಾಕ್‌ಗಳು ಒಂದರ ಹಿಂದೊಂದು ಇವೆ. ಅಲ್ಲಿ ಸುಮ್ನೆ ಒಳಗೆ ಕೂರಬೇಡಿ, ಇಳಿದು ದಂಡೆಯ ಮೇಲೆ ನಡೆಯಿರಿ. ಹಿಂದೆ ಎತ್ತುಗಳು ದೋಣಿ ಎಳೆಯುತ್ತಿದ್ದ ದಾರಿ ಅದು.

ರಾತ್ರಿ ಉಳಿಯುವ ಹಳೆಯ ಹಡಗುಗಳಿವೆ. ಅವುಗಳಲ್ಲಿ 'ಯೂನೊ' 1874ರದ್ದು. ಕೋಣೆಗಳು ತುಂಬಾ ಚಿಕ್ಕವು, ಮೇಲೆ ಕೆಳಗೆ ಮಂಚ, ಬಚ್ಚಲು ಎಲ್ಲರಿಗೂ ಸೇರಿ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಇದನ್ನು ಮೊದಲೇ ಯೋಚಿಸಿ. ಖರ್ಚೂ ಜಾಸ್ತಿ. ಕಡಿಮೆಯಲ್ಲಿ ಮುಗಿಸಬೇಕಾದರೆ ಒಂದು ದಿನದ ದೋಣಿ ಹತ್ತಿ, ಉಳಿದದ್ದನ್ನು ದಂಡೆಯ ಮೇಲೆ ಸೈಕಲ್ಲಿನಲ್ಲಿ ನೋಡಬಹುದು.

ಜುಲೈನಲ್ಲಿ ಸ್ವೀಡನ್ನಿನವರಿಗೇ ರಜೆ, ಹಾಗಾಗಿ ಆಗ ಬೇಡ. ಜೂನ್ ಮೊದಲ ವಾರ ಹೋಗಿ. ಆಗ ರಾತ್ರಿ ಹತ್ತಾದರೂ ಆಕಾಶದಲ್ಲಿ ಬೆಳಕಿರುತ್ತದೆ.