ಎದೆ ಢವಢವ ಎಂದಿತು, ಆಮೇಲೆ?

ಪ್ರಶ್ನೆ: ನನ್ನ ಕತೆಯಲ್ಲಿ ಹೆದರಿದವರ ಎದೆಯೆಲ್ಲ ಢವಢವ ಅನ್ನುತ್ತದೆ. ಪದಗಳಿಗೆ ಇರುವಂತೆ ಭಾವನೆಗಳಿಗೂ ಕೋಶ ಇದೆಯೇ ಸರ್?
– ಓದುಗಿ, ಮಲ್ಪೆ

ಉತ್ತರ: ಇದೆ ಮಾರಾಯ್ರೆ. ಆಂಜೆಲಾ ಆಕರ್‌ಮನ್, ಬೆಕ್ಕಾ ಪುಗ್ಲೀಸಿ ಅವರ ‘ಇಮೋಷನ್ ಥೆಸಾರಸ್’ನ 2019ರ ಆವೃತ್ತಿಯಲ್ಲಿ 130 ಭಾವಗಳಿವೆ, ಒಂದೊಂದಕ್ಕೂ ಮೈಯ ಲಕ್ಷಣ, ಒಳಗಿನ ತಳಮಳ, ಯೋಚನೆಗಳ ಪಟ್ಟಿ. ನನ್ನ ಮೇಜಿನ ಮೇಲಿರುವುದು ಮಾತ್ರ ಭರತಮುನಿಯ ಹೆಸರಿನ ಹಳೆಯ ಸಂಸ್ಕೃತ ಗ್ರಂಥ ನಾಟ್ಯಶಾಸ್ತ್ರ. ಅದರ 7ನೇ ಅಧ್ಯಾಯದಲ್ಲಿ 33 ಸಂಚಾರಿ ಭಾವಗಳು, ಅಂದರೆ ಬಂದು ಹೋಗುವ ಭಾವಗಳು. ಬೆವರು, ನಡುಕ, ರೋಮಾಂಚ, ಸ್ವರಭಂಗ ಸೇರಿ 8 ಸಾತ್ವಿಕ ಭಾವಗಳು, ಅಂದರೆ ಒಳಗಿನ ಭಾವಕ್ಕೆ ಮೈ ತೋರುವ ಲಕ್ಷಣಗಳು. ಪಟ್ಟಿಯಿಂದ ಎತ್ತಿ ಹಾಗೇ ಅಂಟಿಸಬೇಡಿ. (ಮೇ ತಿಂಗಳಲ್ಲಿ ಮಲ್ಪೆಯಲ್ಲಿ ಬೆವರದವರು ಯಾರು?) ಗಂಡನ ಬೋಟು ಇನ್ನೂ ಬಾರದವಳು ಬಂಗುಡೆ ಮಾರುತ್ತ, ಕೊಟ್ಟ ಚಿಲ್ಲರೆಯನ್ನೇ ಗಿರಾಕಿಗೆ ಮತ್ತೊಮ್ಮೆ ಕೊಡಲು ಹೋಗಲಿ. ಅಷ್ಟು ಬರೆದು ನಮಗೊಂದು ಪ್ರತಿ ಕಳಿಸಿ.