ಎಂ 91 ಕಾಣಲಿಲ್ಲ ಅಂತ ದೊಡ್ಡ ಟೆಲಿಸ್ಕೋಪ್ ತಗೋಬೇಡಿ

6 ಇಂಚು ಅಗಲದ ಕನ್ನಡಿ ಇರುವ ಡಾಬ್ಸೋನಿಯನ್ ಟೆಲಿಸ್ಕೋಪ್‌ನಲ್ಲಿ ಎಂ 91 ಗ್ಯಾಲಕ್ಸಿ ಸಿಗುತ್ತಿಲ್ಲ, 10 ಇಂಚಿನದು ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ನಾನು ತಗೊಂಡೆ. ಇದ್ದ 6 ಇಂಚಿನದನ್ನು ಪಕ್ಕದ ಬೀದಿಯ ಹುಡುಗನಿಗೆ ಮಾರಿ, ಎರಡು ವರ್ಷ ಕೂಡಿಟ್ಟ ದುಡ್ಡು ಸೇರಿಸಿ 10 ಇಂಚಿನದು ತಂದೆ. ಏಪ್ರಿಲ್ ಅಮಾವಾಸ್ಯೆಗೆ ಅದನ್ನು ಚಳ್ಳಕೆರೆ ಹತ್ತಿರ ಅತ್ತೆ ಮನೆಯ ಮಾಳಿಗೆಗೆ ಹತ್ತಿಸಿದೆ. ಅದರಲ್ಲೂ ಕಾಣಲಿಲ್ಲ!

ನಾನು ಹೊರಡುತ್ತಿದ್ದ ಜಾಗವೇ ತಪ್ಪಾಗಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವೂ ಇದನ್ನೇ ಮಾಡುತ್ತಿದ್ದೀರಿ ಅನ್ನಿಸುತ್ತೆ. ನಕ್ಷೆ ಪ್ರಕಾರ ಪಕ್ಕದ ಗ್ಯಾಲಕ್ಸಿ ಎಂ 88 ಹಿಡಿದು, ಅಲ್ಲಿಂದ ಪೂರ್ವಕ್ಕೆ ಒಂದು ಡಿಗ್ರಿಗಿಂತ ಚೂರು ಕಮ್ಮಿ ಸರಿದರೆ ಎಂ 91. ಆದರೆ ಆ ಭಾಗದಲ್ಲಿ ಎಲ್ಲಿ ತಿರುಗಿಸಿದರೂ ಒಂದೊಂದು ಗ್ಯಾಲಕ್ಸಿ, ಎಲ್ಲವೂ ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಮಸುಕು. ನಾನು ಎಂ 88 ಅಂದುಕೊಂಡಿದ್ದು ಎಂ 90. ಎರಡೂ ಉದ್ದನೆಯವು, ನಡುವೆ ಎರಡು ಡಿಗ್ರಿಯೂ ಇಲ್ಲ. ವಾಲಿರುವ ದಿಕ್ಕು ಮಾತ್ರ ಬೇರೆ: ಎಂ 88 ವಾಯವ್ಯದಿಂದ ಆಗ್ನೇಯಕ್ಕೆ, ಎಂ 90 ಹೆಚ್ಚುಕಮ್ಮಿ ಉತ್ತರ-ದಕ್ಷಿಣಕ್ಕೆ. ಅರ್ಧ ನಿಮಿಷ ನಿಂತು ಇದೊಂದನ್ನು ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಎರಡು ಸೀಸನ್ ಪೂರ್ತಿ ಎಂ 90ರಿಂದ ಪೂರ್ವಕ್ಕೆ ಸರಿದು ಬರೀ ಕತ್ತಲನ್ನು ನೋಡಿ, ನೋಟ್‌ಬುಕ್‌ನಲ್ಲಿ "ಕನ್ನಡಿ ಸಾಲದು" ಅಂತ ಬರೆದೆ.

ಆಮೇಲೆ ಗೊತ್ತಾಯಿತು, ಎಂ 91ನ್ನು ಕಂಡುಹಿಡಿದ, ಈ ಎಂ ಸಂಖ್ಯೆಗಳ ಪಟ್ಟಿ ಮಾಡಿದ ಫ್ರೆಂಚ್ ಖಗೋಳಜ್ಞ ಚಾರ್ಲ್ಸ್ ಮೆಸಿಯೆಗೂ ಇದೇ ಆಗಿತ್ತು ಅಂತ. 1781ರ ಮಾರ್ಚ್ 18ರ ರಾತ್ರಿ ಪ್ಯಾರಿಸ್‌ನಲ್ಲಿ ಎಂ 91 ನೋಡಿದ ಅವರು, ಅದೇ ಭಾಗದ ಎಂ 89 ಗ್ಯಾಲಕ್ಸಿಯಿಂದ ಅಳೆದ ದೂರವನ್ನು ಇನ್ನೊಂದು ಗ್ಯಾಲಕ್ಸಿ ಎಂ 58ರಿಂದ ಅಳೆದದ್ದು ಅಂದುಕೊಂಡು ಜಾಗ ಬರೆದಿಟ್ಟರು. ಅಲ್ಲಿ ಹುಡುಕಿದವರಿಗೆ ಏನೂ ಸಿಗಲಿಲ್ಲ. 1784ರಲ್ಲಿ ಇಂಗ್ಲೆಂಡಿನಲ್ಲಿದ್ದ ಖಗೋಳಜ್ಞ ವಿಲಿಯಂ ಹರ್ಷೆಲ್ ಅದೇ ಗ್ಯಾಲಕ್ಸಿಯನ್ನು ತಾವಾಗಿ ಕಂಡು ಪಟ್ಟಿ ಮಾಡಿದರೂ, ಇದೇ ಅದು ಅಂತ ಯಾರಿಗೂ ಹೊಳೆಯಲಿಲ್ಲ. ಧೂಮಕೇತು ಇದ್ದಿರಬಹುದು, ಎಂ 58ನ್ನೇ ಎರಡು ಸಲ ಬರೆದಿರಬಹುದು ಅಂತೆಲ್ಲ ಊಹೆ. ಕೊನೆಗೆ 1969ರಲ್ಲಿ ಟೆಕ್ಸಾಸ್‌ನ ಹವ್ಯಾಸಿ ವಿಲಿಯಂ ಸಿ. ವಿಲಿಯಮ್ಸ್ ಲೆಕ್ಕ ಹಾಕಿ ತೋರಿಸಿದರು: ಅದೇ ಅಂತರವನ್ನು ಎಂ 89ರಿಂದ ಅಳೆದರೆ ನೇರವಾಗಿ ಹರ್ಷೆಲ್ ಕಂಡ ಗ್ಯಾಲಕ್ಸಿಗೆ, ಅಂದರೆ ಎನ್‌ಜಿಸಿ ಅನ್ನೋ ಇನ್ನೊಂದು ಪಟ್ಟಿಯ 4548ಕ್ಕೆ ಹೋಗುತ್ತೆ. 188 ವರ್ಷ! ಇದನ್ನು ಓದಿದ ದಿನ ನಾನು ನೋಟ್‌ಬುಕ್ ತೆಗೆದು ನನ್ನ ಲೆಕ್ಕ ತಿರುಗಿ ನೋಡಿದೆ.

ನೀವು ಹೀಗೆ ಮಾಡಿ. ಸಿಂಹದ ಬಾಲದ ನಕ್ಷತ್ರ, ನಮ್ಮ ಉತ್ತರಾ ಫಲ್ಗುಣಿ, ಅದು ಮತ್ತು ಎಂ 91 ಹೆಚ್ಚುಕಮ್ಮಿ ಪೂರ್ವ-ಪಶ್ಚಿಮದ ಒಂದೇ ಗೆರೆಯಲ್ಲಿವೆ. ಆ ನಕ್ಷತ್ರ ನೆತ್ತಿಗೆ ಬರುವ ಮೊದಲೇ ಅದನ್ನು 25 ಮಿ.ಮೀ. ಐಪೀಸ್‌ನ (ಕಣ್ಣಿಟ್ಟು ನೋಡುವ ಮಸೂರದ) ನಡುವೆ ಹಿಡಿದು ಕೈ ತೆಗೆಯಿರಿ. ನೆತ್ತಿಯಲ್ಲಿ ಡಾಬ್ಸೋನಿಯನ್ ಪಕ್ಕಕ್ಕೆ ತಿರುಗಿಸೋದು ಕಷ್ಟ, ನಿಮಗೂ ಗೊತ್ತಿರುತ್ತೆ. ಗಡಿಯಾರ ನೋಡಿಕೊಳ್ಳಿ. ಭೂಮಿ ತಿರುಗುತ್ತಾ 30ನೇ ನಿಮಿಷಕ್ಕೆ ಎಂ 99 ಗ್ಯಾಲಕ್ಸಿ ನಡುವೆ ಬರುತ್ತೆ, 43ಕ್ಕೆ ಎಂ 88, 46 ದಾಟಿದಾಗ ಎಂ 91. ಕೊಳವೆಗೆ ಭುಜ ತಾಗಿದರೆ ಮತ್ತೆ ಮೊದಲಿನಿಂದ ಶುರು ಮಾಡಿ, ಅಂದಾಜಿಗೆ ತಳ್ಳಬೇಡಿ.

ಎಂ 91ರ ನಡುವೆ ಅಡ್ಡಕ್ಕಿರುವ ನಕ್ಷತ್ರಗಳ ಪಟ್ಟೆ ಕಾಣಲು ದೊಡ್ಡ ಟೆಲಿಸ್ಕೋಪ್ ಬೇಕು ಅನ್ನೋದು ನಿಜ. 10 ಇಂಚಿನದರಲ್ಲಿ ಓರೆಗಣ್ಣಲ್ಲಿ ನೋಡಿದಾಗ ಮಸುಕಿನೊಳಗೆ ಒಂದು ಗೀಟು ಎಳೆದ ಹಾಗೆ ಕಾಣುತ್ತೆ. ಆದರೆ ಗ್ಯಾಲಕ್ಸಿ ಸಿಗಲು ನಿಮ್ಮದೇ ಸಾಕು. ಮುಂದಿನ ಮಾರ್ಚಿನಲ್ಲಿ ಆ ಹುಡುಗನಿಂದ ನನ್ನ ಹಳೇ 6 ಇಂಚಿನದನ್ನು ಒಂದು ರಾತ್ರಿಗೆ ಕೇಳಿ ತಂದೆ, ಅವನೂ ಬಂದ. 46ನೇ ನಿಮಿಷ ಕಳೆದಾಗ ಐಪೀಸ್‌ನಲ್ಲಿದ್ದದ್ದು ಅವನ ಕಣ್ಣು. "ಅಣ್ಣಾ, ಏನೋ ಬಂತು" ಅಂದ.