ಮೈ ಸುಡುವಾಗಲೂ ಚಳಿ ಯಾಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಗದ್ದೆ ನಟ್ಟಿ ಮುಗಿಸಿ ಬಂದರೆ ಮೈಯೆಲ್ಲ ಗಡಗಡ. ಒಲೆ ಮುಂದೆ ಕೂತರೆ ಸರಿಹೋಗುತ್ತದೆ. ಹೋದ ವಾರ ಜ್ವರ ಬಂದು ಮೈ ಸುಡುತ್ತಿತ್ತು, ಆಗಲೂ ಅದೇ ನಡುಕ! ಮೂರು ಕಂಬಳಿ ಹೊದ್ದರೂ ನಿಲ್ಲಲಿಲ್ಲ. ಮೈ ಬಿಸಿಯಿದ್ದೂ ಚಳಿ ಹೇಗೆ?

ಉತ್ತರ: ನಡುಕ ಎರಡೂ ಸಲ ಒಂದೇ, ಕಾರಣ ಬೇರೆ.

ಮಿದುಳಿನ ಬುಡದಲ್ಲಿ ಹೈಪೋಥಲಾಮಸ್ ಅಂತ ಬಾದಾಮಿಯಷ್ಟು ಚಿಕ್ಕ ಭಾಗವಿದೆ. ಮೈಯೊಳಗಿನ ಬಿಸಿ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಅಂದರೆ ಮನೆ ಥರ್ಮಾಮೀಟರಿನ 98.6ರ ಹತ್ತಿರ ಇರುವಂತೆ ಅದು ನೋಡಿಕೊಳ್ಳುತ್ತದೆ.

ಗದ್ದೆಯಲ್ಲಿ ನಿಮ್ಮ ಬಿಸಿ ನಿಜವಾಗಿಯೂ ಸೋರಿಹೋಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಬಿಸಿ ಎಳೆದುಕೊಳ್ಳುತ್ತದೆ. ಮೇಲೆ ಒದ್ದೆ ಅಂಗಿ, ಬೀಸುಗಾಳಿ ಬೇರೆ. ಮೊದಲು ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ಬೆರಳು ಬಿಳಚಿಕೊಳ್ಳುತ್ತದೆ. ಅಷ್ಟಕ್ಕೂ ಸಾಲದಿದ್ದರೆ ಸ್ನಾಯುಗಳು ತಾವಾಗಿಯೇ ಅದುರಿ ಬಿಸಿ ಹುಟ್ಟಿಸುತ್ತವೆ. ನಡುಕ ಅಂದರೆ ಅದೇ. ಹಳಬರ ಕಂಬಳಿಕೊಪ್ಪೆ ಸುಮ್ನೆ ಅಲ್ಲ, ಉಣ್ಣೆ ನೆಂದರೂ ಎಳೆಗಳ ನಡುವೆ ಸ್ವಲ್ಪ ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. 'ಚಳಿಗೆ ಒಂದು ಕ್ವಾರ್ಟರ್' ಅನ್ನುವವರ ಮಾತು ಮಾತ್ರ ಕೇಳಬೇಡಿ. ಹೆಂಡ ಚರ್ಮದ ರಕ್ತನಾಳ ಹಿಗ್ಗಿಸುತ್ತದೆ. ಬೆಚ್ಚಗೆ ಅನಿಸುತ್ತದೆ, ಒಳಗಿನ ಬಿಸಿ ಇನ್ನೂ ಜಾಸ್ತಿ ಹೊರಗೆ ಹೋಗುತ್ತದೆ.

ಜ್ವರದಲ್ಲಿ ಬಿಸಿ ಸೋರಿಲ್ಲ. ಹೈಪೋಥಲಾಮಸ್ ಕಾಯುವ ಬಿಸಿಯ ಗೆರೆಯೇ ಮೇಲೆ ಸರಿದಿದೆ. ರೋಗಾಣು ಹೊಕ್ಕಾಗ ರಕ್ಷಣಾ ಕಣಗಳು ಕಳಿಸುವ ಸಂದೇಶದಿಂದ ಮಿದುಳಿನಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಹೈಪೋಥಲಾಮಸ್ ಗೆರೆಯನ್ನು 98.6ರಿಂದ 102ಕ್ಕೆ ಏರಿಸಿತು ಅನ್ನಿ. ಆಗ ನಿಮ್ಮ ಮೈ 100 ಇದ್ದರೂ ಅದರ ಲೆಕ್ಕದಲ್ಲಿ ಅದು ಥಂಡಿಯೇ! ಹಾಗಾಗಿ ನಡುಗಿಸಿ ಮೇಲಕ್ಕೆ ಏರಿಸುತ್ತದೆ. ನಡುಗುವವರನ್ನು ಮುಟ್ಟಿ ನೋಡಿ: ಹೊಟ್ಟೆ ಸುಡುತ್ತಿರುತ್ತದೆ, ಅಂಗೈ ಅಂಗಾಲು ತಣ್ಣಗೆ. 102 ಮುಟ್ಟಿದ ಮೇಲೆ ನಡುಕ ನಿಲ್ಲುತ್ತದೆ. ಪ್ಯಾರಾಸಿಟಮಾಲ್ ಪ್ರೋಸ್ಟಗ್ಲಾಂಡಿನ್ ತಗ್ಗಿಸಿದರೆ ಗೆರೆ ಕೆಳಗಿಳಿಯುತ್ತದೆ, ಆಗ ಬೆವರು ಕಿತ್ತುಕೊಂಡು ಬರುತ್ತದೆ. ಮನೆಯವರು 'ಜ್ವರ ಬಿಟ್ಟಿತು' ಅನ್ನುವುದು ಆಗಲೇ ಅಲ್ವಾ?

ನಡುಗುವಾಗ ಒಂದು ಕಂಬಳಿ ಸಾಕು, ನಡುಕ ನಿಂತ ಮೇಲೆ ತೆಗೆದುಬಿಡಿ. ತಣ್ಣೀರು ಬಟ್ಟೆ ಹಾಕಿದರೆ ನಡುಕ ಜಾಸ್ತಿಯಾಗುತ್ತದೆ.

ಇನ್ನೊಂದು ಮಾತು. ಗದ್ದೆ ನೀರಲ್ಲಿ ನಿಂತವರಿಗೆ ಬರುವ ಚಳಿಜ್ವರ ಇಲಿಜ್ವರವೂ (ಇಲಿ ಮೂತ್ರ ಸೇರಿದ ನೀರಿನಿಂದ ತಗಲುವ ಸೋಂಕು) ಆಗಿರಬಹುದು. ಮೀನಖಂಡ ನೋವು, ಕೆಂಪು ಕಣ್ಣು ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಗದ್ದೆಗೆ ಇಳಿದಿದ್ದೆ ಅಂತ ವೈದ್ಯರು ಕೇಳದಿದ್ದರೂ ನೀವೇ ಹೇಳಿ.